ಅಣ್ಣ ಹೇಳುತ್ತಿದ್ದ ಅಟ್ಟದ ಕಾಯಿಯ ಕಥೆ

ನಮ್ಮಣ್ಣ ಮೊದಲ ಸಲ ಟೈ ಕಟ್ಟಿಕೊಂಡು ಮನೆಗೆ ಬಂದಾಗ ಅವ್ವ ಅಟ್ಟದಿಂದ ಇಣುಕಿ, "ಅದೇನ್ಲಾ ಕೊರಳಿಗೆ ಹಗ್ಗ? ಯಾರ್ ಕಟ್ಟಿ ಹಾಕಿದ್ರು ನಿನ್ನ?" ಎಂದು ಕೇಳಿದ್ದಳು. ಕೆಳಗೆ ಬುಟ್ಟಿ ಹಿಡಿದು ನಿಂತಿದ್ದ ನಾನು ನಕ್ಕು ನಕ್ಕು ಬುಟ್ಟಿಯನ್ನೇ ಕೈಬಿಟ್ಟೆ. ಅಣ್ಣ ಸಿಟ್ಟಾಗಲಿಲ್ಲ. ಬೆಂಗಳೂರಿನಲ್ಲಿ ಯಾವುದೋ ಶಿಬಿರ ಮುಗಿಸಿಕೊಂಡು ಬಂದಿದ್ದ ಅವನಿಗೆ ಸಿಟ್ಟು ಮಾಡಿಕೊಳ್ಳಬಾರದೆಂದು ಹೇಳಿಕೊಟ್ಟಿದ್ದರಂತೆ. ಹಲ್ಲೆಲ್ಲ ಕಾಣುವ ಹಾಗೆ ನಗುತ್ತಾ, "ಅವ್ವಾ, ಇವತ್ತಿಂದ ನಾನು ಬೇರೆ ಮನುಷ್ಯ ಕಣವ್ವ" ಎಂದ. "ಬೇರೆ ಮನುಷ್ಯನಾದ್ರೂ ಕಾಲು ತೊಳ್ಕಂಡೇ ಒಳಕ್ ಬಾ" ಎಂದಳು ಅವ್ವ.

ಅದು ತೊಂಬತ್ತರ ದಶಕದ ಕೊನೆ. ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ದಾರಿಯಲ್ಲಿ, ತೋಟದೊಳಗೇ ನಮ್ಮ ಮನೆ. ನಾವು ಚಿಕ್ಕವರಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ತೋಟ, ಎಮ್ಮೆ, ಅಟ್ಟದ ಮೇಲಿನ ಕಾಯಿ, ನಾವಿಬ್ಬರು ಮಕ್ಕಳು, ಎಲ್ಲವನ್ನೂ ಅವ್ವ ಒಬ್ಬಳೇ ನೋಡಿಕೊಂಡಳು. ಅಣ್ಣ ಬಿ.ಕಾಂ. ಮುಗಿಸಿ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ. ನಾನು ನರ್ಸರಿ ಶಾಲೆಯೊಂದರಲ್ಲಿ ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಾ, ಹೆಣ್ಣು ನೋಡಲು ಬಂದವರಿಗೆ ಕಾಫಿ ಕೊಡುತ್ತಾ ಇದ್ದೆ.

ಅಣ್ಣ ಮಾತಿನ ಮಲ್ಲನೇನೂ ಆಗಿರಲಿಲ್ಲ. ಮಂಡಿಯ ಸಾಹುಕಾರರು ಒಂದು ಮಾತು ಗದರಿದರೆ ಸಾಕು, ಮನೆಗೆ ಬಂದು ಊಟ ಬಿಟ್ಟು ಮಲಗುತ್ತಿದ್ದ. ನಂಟರ ಮದುವೆಗೆ ಹೋದರೆ ಕಂಬದ ಹಿಂದೆ ನಿಲ್ಲುವ ಗಿರಾಕಿ. ಅಂಥವನು ವ್ಯಕ್ತಿತ್ವ ವಿಕಸನ ಶಿಬಿರ ನಡೆಸುತ್ತೇನೆ, ಹಳ್ಳಿಯ ಹುಡುಗರಿಗೆ ಧೈರ್ಯ ತುಂಬುತ್ತೇನೆ ಎಂದು ಮಂಡಿ ಕೆಲಸ ಬಿಟ್ಟಾಗ ನನಗೆ ಕೈಕಾಲು ಆಡಲಿಲ್ಲ. ಅವ್ವ ಮಾತ್ರ, "ಹೋಗ್ಲಿ ಬುಡು. ಒಂದ್ ಸಲ ಆದ್ರೂ ಬಾಯಿ ಬುಟ್ಟು ಮಾತಾಡ್ಲಿ" ಎಂದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಅವನ ಕೋಟು ಹೊಲಿದುಕೊಟ್ಟ ದರ್ಜಿ ಸಾಬರು ತಮ್ಮ ಅಂಗಡಿಯ ಮೇಲಿನ ಕೋಣೆಯನ್ನು ಅವನಿಗೆ ಬಿಟ್ಟುಕೊಟ್ಟರು. ಅಲ್ಲೇ ಶುರುವಾಯಿತು. ಪಿಯುಸಿ ಫೇಲಾದವರು, ಇಂಟರ್‌ವ್ಯೂ ಎಂದರೆ ಬೆವರುವವರು, ಅಂಗಡಿ ಇಡಬೇಕೆಂದು ಆಸೆಯಿದ್ದು ಅಪ್ಪನ ಹತ್ತಿರ ಬಾಯಿ ಬಿಡಲಾರದವರು ಬಂದು ಕೂರುತ್ತಿದ್ದರು. ಕೆಳಗೆ ಹೊಲಿಗೆ ಮಿಷನ್ನಿನ ಸದ್ದು, ಮೇಲೆ "ನನ್ನಿಂದ ಆಗುತ್ತೆ! ನನ್ನಿಂದ ಆಗೇ ಆಗುತ್ತೆ!" ಎಂಬ ಕೂಗು. ಒಂದು ದಿನ ಟಿಫನ್ ಕ್ಯಾರಿಯರ್ ಕೊಡಲು ಹೋಗಿದ್ದ ನನ್ನನ್ನು ಸಾಬರು ಕರೆದು, "ನಿಮ್ಮಣ್ಣಾವ್ರ ಕ್ಲಾಸು ಕೇಳಿ ಕೇಳಿ ನನ್ಗೂ ಹುಮ್ಮಸ್ಸು ಬಂದ್ಬುಟ್ಟೈತೆ ಕಣಮ್ಮ, ನಿನ್ನೆ ಒಂದ್ ಪ್ಯಾಂಟಿಗೆ ಮೂರ್ ಜೇಬು ಇಟ್ಬುಟ್ಟಿದೀನಿ" ಎಂದು ನಗಿಸಿದ್ದರು.

ಮನೆಯಲ್ಲೂ ಅಣ್ಣನ ಕಾನೂನು ಜಾರಿಗೆ ಬಂತು. 'ಆಗಲ್ಲ' ಎನ್ನಬಾರದು. 'ಸುಸ್ತು' ಎನ್ನಬಾರದು. ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಿಂತು, "ನಾನು ಆರೋಗ್ಯವಾಗಿದ್ದೇನೆ, ನಾನು ಸಂತೋಷವಾಗಿದ್ದೇನೆ" ಎಂದು ಗಟ್ಟಿಯಾಗಿ ಹೇಳಬೇಕು. ನಾನು ಹೇಳಿದ ಶಾಸ್ತ್ರ ಮಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅವ್ವನಿಗೆ ಕನ್ನಡಿಯ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ? ಅವಳು ಎಮ್ಮೆಯ ಕೆಚ್ಚಲು ತೊಳೆಯುತ್ತಾ, "ನಾನು ಆರೋಗ್ಯವಾಗಿದ್ದೀನಿ" ಎಂದು ಎಮ್ಮೆಗೆ ಹೇಳುತ್ತಿದ್ದಳು. ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಆದರೆ ಶಿಬಿರ ಅಷ್ಟಾಗಿ ನಡೆಯುತ್ತಿರಲಿಲ್ಲ. ಅಣ್ಣ ಬೆಂಗಳೂರಿನಲ್ಲಿ ಕಲಿತು ಬಂದ ಉದಾಹರಣೆಗಳೆಲ್ಲ ಹೊರದೇಶದವು. ಹಿಮದ ಬೆಟ್ಟ ಹತ್ತಿದವನು, ಹದ್ದು, ಹಡಗು, ಸಾವಿರ ಸಲ ಸೋತ ವಿಜ್ಞಾನಿ. ಕೇಳುವ ಹುಡುಗರು ಆಕಳಿಸುತ್ತಿದ್ದರು. ತುರುವೇಕೆರೆಯ ಒಂದು ಹಾಸ್ಟೆಲ್ಲಿನಲ್ಲಿ ಭಾಷಣ ಮಾಡುತ್ತಿದ್ದಾಗ ಕರೆಂಟು ಹೋಯಿತಂತೆ. ಮೈಕಿಲ್ಲ, ಫ್ಯಾನಿಲ್ಲ, ಹುಡುಗರು ಗಲಾಟೆ ಶುರು ಮಾಡಿದರು. ಗಾಬರಿಯಲ್ಲಿ ಅಣ್ಣನಿಗೆ ಹದ್ದೂ ಮರೆತುಹೋಯಿತು, ಹಡಗೂ ಮರೆತುಹೋಯಿತು. ಬಾಯಿಗೆ ಬಂದಿದ್ದು ನಮ್ಮ ಅಟ್ಟ.

"ನಿಮ್ಮನೇಲೂ ಅಟ್ಟ ಇದೆ ತಾನೆ?" ಎಂದು ಅವನು ಕೇಳಿದನಂತೆ. "ಬಲಿತ ಕಾಯಿ ಅಟ್ಟಕ್ಕೆ ಹಾಕ್ತೀವಿ. ಹೆಚ್ಚು ಕಮ್ಮಿ ಒಂದು ವರ್ಷ ಅದು ಅಲ್ಲೇ ಇರುತ್ತೆ. ಮಟ್ಟೆಯೊಳಗೆ, ಚಿಪ್ಪಿನೊಳಗೆ, ಕತ್ತಲಲ್ಲಿ. ಯಾರಿಗೂ ಕಾಣದ ಹಾಗೆ ನೀರು ಇಂಗುತ್ತೆ, ತಿರುಳು ಚಿಪ್ಪು ಬಿಡುತ್ತೆ, ಕಾಯಿ ಕೊಬ್ಬರಿ ಆಗುತ್ತೆ. ನಮ್ಮವ್ವ ಒಂದು ದಿನವೂ ಅನುಮಾನ ಪಟ್ಟು ಅದನ್ನ ಒಡೆದು ನೋಡಿದವಳಲ್ಲ. ನಡುವೆ ಒಡೆದವನ ಕೈಗೆ ಏನು ಸಿಗುತ್ತೆ? ಅತ್ತ ಕಾಯೂ ಅಲ್ಲ, ಇತ್ತ ಕೊಬ್ಬರೀನೂ ಅಲ್ಲ. ನಿಮ್ಮೊಳಗೂ ಒಂದು ಕಾಯಿ ಒಣಗ್ತಾ ಇದೆ. ಅನುಮಾನ ಪಡಬೇಡಿ. ಒಡೆದು ನೋಡಬೇಡಿ. ಕಾಯಿರಿ."

ಹಾಸ್ಟೆಲ್ಲಿನ ಹುಡುಗರು ಬೆಂಚು ಬಡಿದು ಚಪ್ಪಾಳೆ ಹೊಡೆದರಂತೆ. ನಮ್ಮ ಕಡೆ ಅಟ್ಟವಿಲ್ಲದ ಮನೆ ಯಾವುದಿದೆ? ಅಲ್ಲಿಂದ ಮುಂದೆ ಆ ಕಥೆಯೇ ಅಣ್ಣನ ಬಂಡವಾಳವಾಯಿತು. ತಿಪಟೂರು, ಚಿಕ್ಕನಾಯಕನಹಳ್ಳಿ, ಹುಳಿಯಾರಿನ ಕಡೆಯೆಲ್ಲ ಕರೆಯತೊಡಗಿದರು. ಅವನು ವೇದಿಕೆ ಹತ್ತಿದರೆ ಹುಡುಗರು "ಸಾರ್, ಕಾಯಿ ಕಥೆ" ಎಂದು ಕೂಗುತ್ತಿದ್ದರು. ಅವನ ಧ್ವನಿ ಗಟ್ಟಿಯಾಯಿತು, ಬೆನ್ನು ನೆಟ್ಟಗಾಯಿತು. ಕಂಬದ ಹಿಂದೆ ನಿಲ್ಲುತ್ತಿದ್ದವನು ಇವನೇನಾ ಎಂದು ನನಗೇ ಹೆಮ್ಮೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ತಿಪಟೂರಿನ ಕಲ್ಯಾಣ ಮಂಟಪದಲ್ಲಿ ನಡೆದ ದೊಡ್ಡ ಶಿಬಿರಕ್ಕೆ ಅವ್ವನನ್ನೂ ಕರೆದುಕೊಂಡು ಹೋದೆವು. ಕಥೆ ಮುಗಿಸಿದ ಅಣ್ಣ, "ಆ ತಾಯಿ ಇಲ್ಲೇ ಇದ್ದಾಳೆ" ಎಂದು ಮುಂದಿನ ಸಾಲಿನಲ್ಲಿ ಕೂತಿದ್ದ ಅವ್ವನನ್ನು ಎದ್ದು ನಿಲ್ಲಿಸಿದ. ಮಂಟಪಕ್ಕೆ ಮಂಟಪವೇ ಚಪ್ಪಾಳೆ ತಟ್ಟಿತು. ಅವ್ವ ಸೆರಗನ್ನು ತಲೆ ಮೇಲೆ ಎಳೆದುಕೊಂಡು, ಯಾರಿಗೆ ಕೈಮುಗಿಯಬೇಕೆಂದು ಗೊತ್ತಾಗದೆ ಸುತ್ತ ತಿರುಗಿ ಕೈಮುಗಿದಳು. ಗಂಡ ಸತ್ತ ಮೇಲೆ ಶುಭಕಾರ್ಯಗಳಲ್ಲಿ ಹಿಂದಿನ ಸಾಲಿಗೆ ಸರಿದು ಕೂರುವುದನ್ನು ರೂಢಿ ಮಾಡಿಕೊಂಡಿದ್ದ ಹೆಂಗಸು ಅವಳು. ಬಸ್ಸಿನಲ್ಲಿ ಮನೆಗೆ ಬರುವಾಗ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಕಾಯಿ ಅಟ್ಟಕ್ ಹಾಕಿದ್ದಕ್ಕೂ ಚಪ್ಪಾಳೆ ಹೊಡೀತಾರಾ ಜನ?" ಎಂದಳು. ಅವಳು ಅಳುತ್ತಿದ್ದಳು. ಅದು ಸಂತೋಷದ ಅಳು ಎಂದು ನನಗೆ ಗೊತ್ತಿತ್ತು.

ಆಮೇಲೆ ಹತ್ತಿರದ ಶಿಬಿರ ಯಾವುದನ್ನೂ ಅವ್ವ ತಪ್ಪಿಸಲಿಲ್ಲ. ಕೆಲಸವೆಲ್ಲ ಬೇಗ ಮುಗಿಸಿ, ಒಳ್ಳೆಯ ಸೀರೆ ಉಟ್ಟು, ಮುಂದಿನ ಸಾಲಿನಲ್ಲಿ ಕೂರುವಳು. ತಾನೇ ಮಗನಿಗೆ ಕಲಿಸಿಕೊಟ್ಟ ವಿದ್ಯೆ ಅದು. ಆದರೂ ಅವನ ಬಾಯಲ್ಲಿ, ಮೈಕಿನಲ್ಲಿ ಕೇಳುವಾಗ ಯಾವುದೋ ದೊಡ್ಡವರು ಹೇಳಿದ ಮಾತಿನಂತೆ ತಲೆದೂಗುವಳು.

ಅಷ್ಟರಲ್ಲಿ ನನಗೆ ತುರುವೇಕೆರೆಯ ಕಡೆ ಮದುವೆಯಾಯಿತು. ಗಂಡನ ಮನೆಯಲ್ಲೂ ತೋಟ, ಅಟ್ಟ, ಅದೇ ಕಾಯಿ, ಅದೇ ಧೂಳು. ಮದುವೆಯಾಗಿ ಎರಡನೆಯ ದೀಪಾವಳಿಗೆ ತವರಿಗೆ ಬಂದಾಗ, ಹಬ್ಬದ ಬೆಳಿಗ್ಗೆ ಅವ್ವನಿಗೆ ಎಣ್ಣೆ ಹಚ್ಚಲು ಬಚ್ಚಲಿಗೆ ಹೋದೆ. ಹಿಂದೆಲ್ಲ ಪ್ರತಿ ಹಬ್ಬಕ್ಕೂ ನಾನೇ ಅವಳ ಬೆನ್ನು ತಿಕ್ಕುತ್ತಿದ್ದೆ. ಅವತ್ತು ಮಾತ್ರ, "ನಾನೇ ಉಯ್ಕತೀನಿ ಹೋಗೇ" ಎಂದು ಸಬೂಬು ಹೇಳಿದಳು. ನಾನು ಬಿಡಲಿಲ್ಲ. ಬೆನ್ನಿಗೆ ಎಣ್ಣೆ ಹಚ್ಚಿ, ಕೈ ಎತ್ತಿಸಿ ಕಂಕುಳ ಕೆಳಗೆ ತಿಕ್ಕುವಾಗ ನನ್ನ ಬೆರಳಿಗೆ ಗಂಟು ಸಿಕ್ಕಿತು. ಎದೆಯ ಪಕ್ಕದಲ್ಲಿ, ದೊಡ್ಡದಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿ.

"ಏನವ್ವ ಇದು?"

"ಏನಿಲ್ಲ ಕಣೇ. ನಿನ್ ಮದ್ವೆ ಆದ್ಮೇಲೆ ಕಾಣಿಸ್ಕಂತು. ಆವಾಗ ಮೆತ್ತಗಿತ್ತು, ಈಗ ಗಟ್ಟಿಯಾಗೈತೆ. ಒಣಗ್ತಾ ಐತೆ."

"ಒಣಗ್ತಾ ಐತೆ ಅಂದ್ರೆ? ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಕುಯ್ದು ನೋಡ್ತೀನಿ ಅಂತಾರೆ. ನಿಮ್ಮಣ್ಣ ಹೇಳೋದು ಕೇಳಿಲ್ವಾ ನೀನು? ಒಳಗಿರೋದು ತಾನಾಗೇ ಒಣಗ್ಬೇಕು. ಅನುಮಾನ ಬಿದ್ದು ನಡುವೆ ಒಡೆದ್ರೇನೆ ಕೆಡೋದು."

ನಾನು ಎಣ್ಣೆಯ ಬಟ್ಟಲನ್ನು ಕೆಳಗಿಟ್ಟೆ. ಒಲೆಯಲ್ಲಿ ಹಂಡೆಯ ನೀರು ಕುದಿಯುತ್ತಿತ್ತು. ಹೊರಗೆ ಅಣ್ಣ ನನ್ನ ಯಜಮಾನರಿಗೆ ಯಾವುದೋ ಶಿಬಿರದ ವಿಷಯ ಹೇಳಿ ನಗುತ್ತಿದ್ದ. ನನಗೆ ಸಿಟ್ಟು ಬಂತು. "ಅವ್ವಾ, ಅಟ್ಟದಾಗೆ ಕೊಳೆತ ಕಾಯಿ ಇದ್ರೆ ನೀನು ಮೂಗಲ್ಲೇ ಕಂಡುಹಿಡ್ದು ಕೆಳಕ್ ಎಸೀತಿದ್ದಲ್ಲ, ಪಕ್ಕದ್ದೂ ಕೆಡ್ತದೆ ಅಂತ? ಅದನ್ಯಾಕೆ ಮರ್ತೆ?" ಎಂದೆ.

"ಕೊಳೆತಿದ್ರೆ ನೋವು ಬರ್ತಿರಲಿಲ್ವಾ? ಇದು ನೋಯೋದೇ ಇಲ್ಲ ಕಣೇ" ಎಂದಳು, ನನ್ನನ್ನೇ ಸಮಾಧಾನ ಮಾಡುವ ಹಾಗೆ. ನಿಜ, ಅಣ್ಣನ ಭಾಷಣದಲ್ಲಿ ಕೊಳೆತ ಕಾಯಿಯ ಮಾತೇ ಇರಲಿಲ್ಲ. ವೇದಿಕೆಯ ಮೇಲೆ ಅದನ್ನು ಹೇಳಿದರೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಮಾರನೆಯ ದಿನವೇ ಅವ್ವನನ್ನು ತಿಪಟೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಟ್ಟಿ ನೋಡಿದ ಕೂಡಲೇ ಮುಖ ಗಂಭೀರ ಮಾಡಿಕೊಂಡು ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿಗೆ ಹೊರಡುವ ಮುಂಚೆ ಅವ್ವ ನನ್ನನ್ನು ಕೊಟ್ಟಿಗೆಗೆ ಕರೆದಳು. ಅಷ್ಟು ಹೊತ್ತಿಗೆ ಅವಳಿಗೂ ಅರ್ಥವಾಗಿತ್ತು.

"ಹಬ್ಬದಾಗೆ ಗೊತ್ತಾಯ್ತು ಅಂತಾನೆ ನಾನ್ ಹೇಳೋದು. ನೀನೂ ಹಂಗೇ ಹೇಳ್ಬೇಕು. ಅವನ ಮಾತು ಕೇಳ್ಕಂಡು ಸುಮ್ನಿದ್ದೆ ಅಂತ ನಿಮ್ಮಣ್ಣಂಗೆ ಯಾವತ್ತೂ ಹೇಳ್ಬ್ಯಾಡ. ನನ್ ಮೇಲಾಣೆ."

"ಅವನಿಗ್ಯಾಕೆ ಹೇಳ್ಬಾರ್ದು? ಅವನಿಗೂ ಗೊತ್ತಾಗ್ಲಿ."

"ಗೊತ್ತಾದ್ರೆ ಮತ್ತೆ ಅವನಿಗೆ ಬಾಯೇ ಬರಾಕಿಲ್ಲ. ಈಗ ತಾನೆ ನಾಕ್ ಜನದ್ ಮುಂದೆ ನಿಂತು ಮಾತಾಡೋದ್ ಕಲ್ತವ್ನೆ, ಪಾಪ."

ಸಾಯುವ ರೋಗ ತನಗೆ, ಪಾಪ ಎಂದದ್ದು ಮಗನಿಗೆ. ನಾನು ಆಣೆ ಮಾಡಿದೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ದೊಡ್ಡ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದರು. "ನಿಮ್ಮ ತಾಯಿ ಹೇಳೋದು ನಿಜ ಅಲ್ಲಮ್ಮ. ಇದು ಈಗಿಂದಲ್ಲ. ವರ್ಷದ ಹಿಂದೆ ಬಂದಿದ್ರೆ ಗೆಡ್ಡೆ ತೆಗೆದು, ಔಷಧಿ ಕೊಟ್ಟು ಮನೆಗೆ ಕಳಿಸ್ತಿದ್ದೆ. ಉಳೀತಿದ್ರು. ಈಗ ಬೆನ್ನು ಮೂಳೆಗೂ ಹೋಗಿದೆ" ಎಂದರು. ಅಣ್ಣ ಆಗ ಔಷಧಿ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತಿದ್ದ.

ಆ ದಿನಗಳಲ್ಲಿ ಅಣ್ಣ ಆಸ್ಪತ್ರೆಯನ್ನೇ ಶಿಬಿರ ಮಾಡಿಬಿಟ್ಟ. ಅವ್ವನ ಮಂಚದ ಪಕ್ಕದವರಿಗೂ ಧೈರ್ಯ ಹೇಳಿದ. ಗುಣವಾದವರ ಕಥೆಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದ. ಔಷಧಿಯ ಕಾವಿಗೆ ಅವ್ವನ ಕೂದಲು ಉದುರಿ, ಬಾಯೆಲ್ಲ ಹುಣ್ಣಾಗಿ, ಗಂಜಿ ನುಂಗಲು ಕಷ್ಟಪಡುತ್ತಿದ್ದರೂ, "ನಾನು ಆರೋಗ್ಯವಾಗಿದ್ದೇನೆ ಅನ್ನವ್ವ" ಎನ್ನುತ್ತಿದ್ದ. ಅವಳು ಅನ್ನುತ್ತಿದ್ದಳು. ಒಂದು ಸಂಜೆ ಆಸ್ಪತ್ರೆಯ ಗೇಟಿನ ಹತ್ತಿರ ಟೀ ಕುಡಿಯುವಾಗ ಅಣ್ಣ, "ಅವ್ವನಿಗೆ ಛಲ ಸಾಲದು ಕಣೇ. ಮನಸ್ಸು ಗಟ್ಟಿ ಮಾಡ್ಕಂಡ್ರೆ ಯಾವ ಕಾಯಿಲೆ ನಿಲ್ಲುತ್ತೆ?" ಎಂದ. ಅವತ್ತು ನನಗೆ ಮೈಯೆಲ್ಲ ಉರಿದುಹೋಯಿತು. ನಾಲಿಗೆಯ ತುದಿಗೆ ಬಂದಿತ್ತು, ಎಲ್ಲ ಹೇಳಿಬಿಡೋಣ ಎಂದು. ಲೋಟದಲ್ಲಿದ್ದ ಟೀಯನ್ನು ರಸ್ತೆಗೆ ಚೆಲ್ಲಿ, "ಸುಮ್ನಿರೋ" ಎಂದಷ್ಟೇ ಹೇಳಿ ಒಳಗೆ ಹೋದೆ. ಒಳ್ಳೆಯವನೇ ಅವನು. ಒಳ್ಳೆಯವನಲ್ಲದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಇನ್ನು ಆಗುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅವ್ವನನ್ನು ಊರಿಗೆ ಕರೆತಂದೆವು. ನಡುಮನೆಯಲ್ಲಿ ಮಂಚ ಹಾಕಿದೆವು. ನಾನು ಗಂಡನ ಮನೆಯವರಿಗೆ ಹೇಳಿ ತವರಲ್ಲೇ ಉಳಿದೆ. ಅವ್ವನ ಬಲಗೈ ಊದಿಕೊಂಡು ಎತ್ತಲು ಬರುತ್ತಿರಲಿಲ್ಲ. ಮಾತೂ ಕಡಿಮೆಯಾಗಿತ್ತು. ಒಂದು ಮಧ್ಯಾಹ್ನ ಅಣ್ಣ ಪಕ್ಕದಲ್ಲಿ ಕೂತು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದ. ನಾನು ಅಡಿಗೆಮನೆಯ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅವ್ವ ಕಣ್ಣು ಬಿಟ್ಟು, "ಆ ಕಾಯಿದು ಹೇಳಪ್ಪ" ಎಂದಳು.

ಅಣ್ಣನಿಗೆ ಖುಷಿಯಾಯಿತು. ಎಷ್ಟೋ ದಿನದ ಮೇಲೆ ಅವಳು ಬಾಯಿ ಬಿಟ್ಟು ಏನನ್ನೋ ಕೇಳಿದ್ದಳು. ಬೀಸಣಿಗೆ ಪಕ್ಕಕ್ಕಿಟ್ಟು, ಶಿಬಿರದಲ್ಲಿ ಹೇಳುವ ಹಾಗೆಯೇ ಎದ್ದು ನಿಂತು, ಮಂಚದ ಮುಂದೆ ಶುರು ಮಾಡಿದ. "ಬಲಿತ ಕಾಯಿ ಅಟ್ಟಕ್ಕೆ ಹಾಕ್ತೀವಿ. ಹೆಚ್ಚು ಕಮ್ಮಿ ಒಂದು ವರ್ಷ ಅದು ಅಲ್ಲೇ ಇರುತ್ತೆ." ಅವ್ವ ಮುಖ ಅವನ ಕಡೆ ತಿರುಗಿಸಿ ತಲೆಯಾಡಿಸುತ್ತಿದ್ದಳು. "ಮಟ್ಟೆಯೊಳಗೆ, ಚಿಪ್ಪಿನೊಳಗೆ, ಕತ್ತಲಲ್ಲಿ. ಯಾರಿಗೂ ಕಾಣದ ಹಾಗೆ..." ನನ್ನ ಕೈ ಮೊರದಲ್ಲೇ ನಿಂತುಹೋಯಿತು. "ನಮ್ಮವ್ವ ಒಂದು ದಿನವೂ ಅನುಮಾನ ಪಟ್ಟು ಅದನ್ನ ಒಡೆದು..."

ಅಣ್ಣನ ಮಾತು ಅಲ್ಲೇ ನಿಂತಿತು.

ಅವನು ಅವ್ವನನ್ನು ನೋಡಿದ. ಅವಳ ಊದಿದ ಕೈ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ. ನಾನು ತಲೆ ತಗ್ಗಿಸಿದೆ. ಆಣೆ ಇದ್ದದ್ದು ಬಾಯಿಗೆ. ಮುಖವನ್ನು ನಾನು ಎಲ್ಲಿ ಬಚ್ಚಿಡಲಿ? ಅವನಿಗೆ ಎಷ್ಟು ತಿಳಿಯಿತೋ, ಹೇಗೆ ತಿಳಿಯಿತೋ, ಇವತ್ತಿಗೂ ನಾನು ಕೇಳಿಲ್ಲ.

"ಮುಂದಕ್ ಹೇಳಪ್ಪ. ಯಾಕ್ ನಿಲ್ಲಿಸ್ದೆ?" ಎಂದಳು ಅವ್ವ.

ಅಣ್ಣ ಹೇಳಿದ. ಪೂರ್ತಿ ಹೇಳಿದ. ನಡುವೆ ಒಡೆದವನ ಕೈಗೆ ಏನು ಸಿಗುತ್ತೆ ಎಂಬುದನ್ನೂ ಹೇಳಿದ. ಕಲ್ಯಾಣ ಮಂಟಪದಲ್ಲಿ ಹೇಳುತ್ತಿದ್ದ ಅದೇ ಏರುಧ್ವನಿಯಲ್ಲಿ, ಕಣ್ಣಿಂದ ನೀರು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ, ಒಂದು ಮಾತನ್ನೂ ಬಿಡದೆ ಮುಗಿಸಿದ. ಅವ್ವ ಎರಡು ಕೈಯನ್ನೂ ಸೇರಿಸಲಾಗದೆ, ಎಡಗೈಯಿಂದ ಮಂಚದ ಪಟ್ಟಿಯನ್ನು ಮೆಲ್ಲಗೆ ತಟ್ಟಿದಳು. "ಚೆನ್ನಾಗ್ ಹೇಳ್ತೀಯ ಕಣಪ್ಪ" ಎಂದು ಕಣ್ಣು ಮುಚ್ಚಿಕೊಂಡಳು. ಅಣ್ಣ ಹಿತ್ತಿಲಿಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನೂ ಕರೆಯಲು ಹೋಗಲಿಲ್ಲ. ಅದಾದ ಮೇಲೆ ಅವ್ವ ಹೆಚ್ಚು ದಿನ ಇರಲಿಲ್ಲ.

ಅವಳ ತಿಥಿ ಮುಗಿದ ಮೇಲೆ ಅಣ್ಣ ದರ್ಜಿ ಸಾಬರ ಕೋಣೆಯ ಬೀಗದ ಕೈಯನ್ನು ಹಿಂದಕ್ಕೆ ಕೊಟ್ಟ. ಶಿಬಿರಕ್ಕೆ ಕರೆಯಲು ಬಂದವರಿಗೆ, "ಗಂಟಲು ಸರಿಯಿಲ್ಲ ಕಣ್ರೀ" ಎಂದ. ಮತ್ತೆ ಮಂಡಿಯ ಕೆಲಸಕ್ಕೇ ಸೇರಿಕೊಂಡ. ಅವನ ಶಿಬಿರದಲ್ಲಿ ಧೈರ್ಯ ಕಲಿತು ಅಂಗಡಿ ಇಟ್ಟ ಹುಡುಗರು, ಕೆಲಸ ಹಿಡಿದ ಹುಡುಗಿಯರು ಎದುರಾದರೆ ಇವತ್ತಿಗೂ ಅವನ ಕಾಲಿಗೆ ಬೀಳುತ್ತಾರೆ. ಅವರಿಗೆ ಒಳ್ಳೆಯದಾದದ್ದು ಸುಳ್ಳಲ್ಲ. ಅದನ್ನೂ ಹೇಳಬೇಕು, ಇಲ್ಲದಿದ್ದರೆ ನಾನು ಬರೆದದ್ದು ಅರ್ಧವಾಗುತ್ತದೆ. ಆದರೆ ಅವರು ಕಾಲಿಗೆ ಬಿದ್ದಾಗಲೆಲ್ಲ ಅವನು ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ. ಅದನ್ನು ನೋಡಿದರೆ ನನಗೆ ಅವ್ವ ಸತ್ತದ್ದಕ್ಕಿಂತ ಹೆಚ್ಚು ಸಂಕಟವಾಗುತ್ತದೆ. ಅವಳು ಯಾವುದಕ್ಕೆ ಹೆದರಿ ಆಣೆ ಹಾಕಿಸಿಕೊಂಡಳೋ ಅದೇ ಆಗಿಹೋಯಿತು.

ಅವ್ವ ಇಲ್ಲದ ಮೊದಲ ಗೌರಿ ಹಬ್ಬಕ್ಕೆ ತವರಿನ ಬಾಗಿನ ತೆಗೆದುಕೊಂಡು ಅಣ್ಣ ತುರುವೇಕೆರೆಗೆ ಬಂದ. ಬಳೆ, ರವಿಕೆ ಕಣ, ಅಕ್ಕಿ, ಬೇಳೆ, ಎಲ್ಲ ತಾನೇ ಅಂಗಡಿಗೆ ಹೋಗಿ ಆರಿಸಿ ತಂದಿದ್ದ. ಬಳೆ ನನ್ನ ಕೈಗೆ ಒಂದಿಷ್ಟು ದೊಡ್ಡದಾಗಿತ್ತು, ಸರಿಯಾಗಿದೆ ಎಂದೆ. ಊಟವಾದ ಮೇಲೆ ಜಗಲಿಯ ಮೇಲೆ ಇಬ್ಬರೇ ಕೂತಿದ್ದೆವು. ಅವನು ಎಲೆಗೆ ಸುಣ್ಣ ಹಚ್ಚುತ್ತಾ, ನನ್ನ ಮುಖ ನೋಡದೆ ಕೇಳಿದ.

"ಮೊದ್ಲೇ ತೋರಿಸಿದ್ರೆ ಅವ್ವ ಉಳೀತಿದ್ಲೇನೇ?"

"ಇಲ್ಲ ಕಣಣ್ಣ. ಆ ಡಾಕ್ಟ್ರೇ ಹೇಳಿದ್ರು ನಂಗೆ. ಯಾವಾಗ ಬಂದಿದ್ರೂ ಇಷ್ಟೇ ಆಗ್ತಿತ್ತು ಅಂತ."

ಅವನು ಎಲೆ ಮಡಚಿ ಬಾಯಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡಿದ್ದ. ಎದ್ದು ಚಪ್ಪಲಿ ಮೆಟ್ಟಿಕೊಂಡ. ನನ್ನ ತಲೆಯ ಮೇಲೆ ಒಂದು ಸಲ ಕೈಯಿಟ್ಟ.

"ವರ್ಷದ ಹಿಂದೆ ಬಂದಿದ್ರೆ ಉಳೀತಿದ್ರು ಅಂತ ಆ ಡಾಕ್ಟ್ರು ನಂಗೂ ಹೇಳಿದ್ರು ಕಣೇ" ಎಂದ. "ಬತ್ತೀನಿ" ಎಂದು ಬಸ್‌ಸ್ಟ್ಯಾಂಡಿನ ಕಡೆ ನಡೆದ.